ಮಡಿಕೇರಿ ಬಸ್ಸು ಹತ್ತುವ ಮುನ್ನ ಕ್ಯಾಲೆಂಡರ್ ನೋಡಿ!

ಮೈಸೂರು: ಸಾಲು ರಜೆ ಬಂತೆಂದರೆ ಬಸ್ ನಿಲ್ದಾಣದಲ್ಲಿ ಮಡಿಕೇರಿ ಬಸ್ಸಿಗೆ ನೂಕುನುಗ್ಗಲು. ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವವರೂ ಉಂಟು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಸುಮಾರು 120 ಕಿಲೋಮೀಟರ್ ಹೋದರೆ ರಾಜಾಸೀಟು. ಹೋಗೋದೇನೋ ಸುಲಭ. ಆದರೆ ಯಾವಾಗ ಹೋಗಬೇಕು?

ಮಳೆ ನೋಡೋಕೆ ಹೋಗ್ತೀವಿ ಅನ್ನುವವರು ಈಚೆಗೆ ಜಾಸ್ತಿ. ಅವರು ಒಂದು ಲೆಕ್ಕ ತಿಳಿದಿರಲಿ. ಮೈಸೂರಿಗೆ ವರ್ಷವಿಡೀ ಬೀಳುವುದು ಸುಮಾರು 30 ಇಂಚು ಮಳೆ. ಮಡಿಕೇರಿಗೆ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುವುದು ಮಾಮೂಲು. ಮಂಜು ಮುಚ್ಚಿಕೊಂಡರೆ ರಾಜಾಸೀಟಿನಲ್ಲಿ ನಿಂತವನಿಗೆ ಪಕ್ಕದವನ ಕೊಡೆಯೂ ಕಾಣದು.

ಇದು ಬರೀ ಬಟ್ಟೆ ನೆನೆಯುವ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದವು. ಜೀವ ಹೋದವು, ಮನೆ-ತೋಟ ಕೊಚ್ಚಿಹೋದವು, ಮಂಗಳೂರು ರಸ್ತೆ ಕುಸಿಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಅರ್ಚಕರ ಮನೆಯೇ ಮಣ್ಣುಪಾಲಾಯಿತು. ಜೋರು ಮಳೆಗೆ ರಾತ್ರಿ ನಿದ್ದೆಗೆಡುವ ಊರಿಗೆ, ಅದೇ ಮಳೆ ನೋಡಲು ಕಾರು ಕಟ್ಟಿಕೊಂಡು ಹೋಗುವುದು ಯಾವ ಸಂಭ್ರಮ ಸ್ವಾಮಿ? ಜೂನ್‌ನಿಂದ ಆಗಸ್ಟ್‌ವರೆಗೆ ಹೋಗಲೇಬೇಕಾದರೆ ಹವಾಮಾನ ಮುನ್ಸೂಚನೆ, ರಸ್ತೆ ಸ್ಥಿತಿ ವಿಚಾರಿಸಿಯೇ ಹೊರಡಿ.

ಹಬ್ಬದ ರಾತ್ರಿ, ಹೂವಿನ ಬೆಳಗು

ಅಕ್ಟೋಬರ್ ಹೊತ್ತಿಗೆ ಮಳೆಯ ಆರ್ಭಟ ಇಳಿದಿರುತ್ತದೆ. ಮೈಸೂರಿನ ಜಂಬೂಸವಾರಿ ಹಗಲಿಗೆ, ಮಡಿಕೇರಿ ದಸರಾ ರಾತ್ರಿಗೆ. ವಿಜಯದಶಮಿಯ ಇರುಳು ಹತ್ತು ಮಂಟಪಗಳು ಬೆಳಗಿನವರೆಗೆ ಬೀದಿಯಲ್ಲಿರುತ್ತವೆ. ಇಲ್ಲಿ ಆನೆ ನೋಡಿ ಅಲ್ಲಿಗೆ ಬಸ್ಸು ಹತ್ತುವವರು ಹಿಂದಿನಿಂದಲೂ ಇದ್ದಾರೆ. ರೂಮು ಸಿಗುತ್ತದೆಂಬ ಆಸೆ ಮಾತ್ರ ಬೇಡ. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ತಲಕಾವೇರಿಯಲ್ಲೂ ಜನಜಾತ್ರೆಯೇ.

ಮಾರ್ಚ್-ಏಪ್ರಿಲ್‌ನಲ್ಲಿ ಇನ್ನೊಂದು ಸೊಗಸು. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿ ಘಮ್ಮೆನ್ನುತ್ತವೆ. ಎರಡು-ಮೂರು ದಿನದಲ್ಲಿ ಮುಗಿಯುವ ಈ ಮದುವೆಗೆ ಲಗ್ನಪತ್ರಿಕೆ ಇಲ್ಲ, ಸಿಕ್ಕರೆ ಅದೃಷ್ಟ. ಮೇ ರಜೆಯಲ್ಲಿ ಮಕ್ಕಳಿಗೆ ತಂಪೇನೋ ಸಿಗುತ್ತದೆ, ಅಬ್ಬಿ ಜಲಪಾತ ಮಾತ್ರ ಬಡಕಲಾಗಿರುತ್ತದೆ.

ಹಾಗಾದರೆ ಯಾವಾಗ?

ನವೆಂಬರ್ ಲೇಸು. ಜಲಪಾತದಲ್ಲಿ ಇನ್ನೂ ನೀರಿರುತ್ತದೆ, ಗುಡ್ಡದ ಹಸಿರು ಮಾಸಿರುವುದಿಲ್ಲ, ಬೆಳಗ್ಗೆ ಸ್ವೆಟರಿಗೆ ಕೆಲಸವೂ ಉಂಟು. ಒಮ್ಮೊಮ್ಮೆ ಹನಿ ಬಿದ್ದೀತು, ಕೊಡೆ ಇರಲಿ. ತಿಂಗಳ ಕೊನೆ, ಡಿಸೆಂಬರ್ ಮೊದಲಿಗೆ ಹುತ್ತರಿ. ಹೊಸ ಕದಿರು ಮನೆಗೆ ಬರುವ ಹಬ್ಬ. ಆದರೆ ಡಿಸೆಂಬರ್ ಕೊನೆವಾರ ತಪ್ಪಿಸಿ. ಹೊಸವರ್ಷದ ಕಾರುಗಳ ಸಾಲಿನಲ್ಲೇ ಅರ್ಧ ದಿನ ಹೋದೀತು.

ತಿಂಗಳಿಗಿಂತ ವಾರ ಮುಖ್ಯ. ಶನಿವಾರ-ಭಾನುವಾರ ವ್ಯಾಪಾರ ಬಿಟ್ಟು ಹೋಗಿ, ದುಪ್ಪಟ್ಟು ಬಾಡಿಗೆ ತೆತ್ತು ಬರುವ ಬದಲು ಅಂಗಡಿಗೆ ರಜೆ ಇರುವ ವಾರದ ನಡುವೆ ಹೊರಡಿ. ಬಸ್ಸಲ್ಲಿ ಸೀಟು, ರಾಜಾಸೀಟಲ್ಲಿ ಜಾಗ, ಎರಡೂ ಸಿಕ್ಕೀತು. ಅಲ್ಲಿನ ಹೋಟೆಲಿನವನಿಗೂ ನಿಮ್ಮನ್ನು ಮಾತಾಡಿಸಲು ಪುರಸೊತ್ತಿರುತ್ತದೆ.