ಕಲಿತ ಕೈಗೆ ಕೆಲಸ : ಠಾಣೆ–ಕಲ್ಯಾಣ ಪರಿಸರದ ಸ್ತ್ರೀಯರ ಕಸುಬು ಶಿಕ್ಷಣ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಉಗಿಬಂಡಿಯು ಮರುವರ್ಷವೇ ಕಲ್ಯಾಣವನ್ನು ಮುಟ್ಟಿತು. ಆ ಹಳಿಯ ಇಕ್ಕೆಲಗಳಲ್ಲಿ ಬೆಳೆದ ಊರುಗಳ ಬಾಳುವೆಯನ್ನು ಇಂದಿಗೂ ರೈಲಿನ ವೇಳಾಪತ್ರಿಕೆಯೇ ಆಳುತ್ತಿದೆ. 1962ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು ಈ ಭಾಗದಲ್ಲಿ ಕಾರ್ಖಾನೆಗಳಿಗೆ ನೆಲೆಯೊದಗಿಸಿತು. 1970ರಲ್ಲಿ ಹುಟ್ಟಿದ ಸಿಡ್ಕೊ ಸಂಸ್ಥೆಯು ನವಿಮುಂಬಯಿಯನ್ನು ಕಟ್ಟಿತು. 2011ರ ಜನಗಣತಿಯ ಪ್ರಕಾರ ಠಾಣೆ ನಗರದಲ್ಲಿ 18 ಲಕ್ಷಕ್ಕೂ, ಕಲ್ಯಾಣ–ಡೊಂಬಿವಲಿಯಲ್ಲಿ 12 ಲಕ್ಷಕ್ಕೂ, ನವಿಮುಂಬಯಿಯಲ್ಲಿ 11 ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಇಷ್ಟು ವಿಸ್ತಾರವಾದ ಜನಪದದಲ್ಲಿ ಕಸುಬು ಕಲಿತ ಹೆಣ್ಣುಮಗಳಿಗೆ ಅದರಿಂದ ಅನ್ನ ಹುಟ್ಟುತ್ತದೆಯೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಸ್ತ್ರೀಯರ ಕುಶಲತೆಯಲ್ಲಿ ಎರಡು ಬಗೆಗಳುಂಟು. ಅಡುಗೆ, ಹೊಲಿಗೆ, ಶಿಶುಪಾಲನೆಗಳು ಮನೆಯಲ್ಲಿಯೇ ಕೈಗೆ ಬಂದವು. ಇವುಗಳನ್ನು ಲೋಕವು ಕುಶಲತೆಯೆಂದು ಎಣಿಸುವುದೇ ಇಲ್ಲ. ಯಂತ್ರ, ವಿದ್ಯುತ್ತು, ಗಣಕಗಳ ವಿದ್ಯೆಯಾದರೋ ಶಾಲೆಯಲ್ಲಿ ಕಲಿತು ಪ್ರಮಾಣಪತ್ರ ಪಡೆಯತಕ್ಕದ್ದು. ಮೊದಲನೆಯದಕ್ಕೆ ಬೆಲೆಯಿಲ್ಲ, ಎರಡನೆಯದಕ್ಕೆ ಪ್ರವೇಶ ಸುಲಭವಲ್ಲ. ಎರಡಕ್ಕೂ ಸಮಾನವಾದ ತೊಡಕೆಂದರೆ, ಕಲಿಕೆಗೂ ಗಳಿಕೆಗೂ ನಡುವೆ ಬಂಡವಾಳ, ಮಾರುಕಟ್ಟೆ, ಸಮಯ ಎಂಬ ಮೂರು ಹೊಳೆಗಳು ಹರಿಯುತ್ತಿರುವುದು. ಇವುಗಳಿಗೆ ಸೇತುವೆ ಕಟ್ಟಿದ ಮೂರು ಪ್ರಯತ್ನಗಳು ಮನನೀಯವಾಗಿವೆ.

1959ರ ಮಾರ್ಚ್ 15ರಂದು ಗಿರಗಾಂವದಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡತೊಡಗಿದರು. ಅದೇ ಇಂದಿನ ಲಿಜ್ಜತ್ ಸಂಸ್ಥೆ. ಹಪ್ಪಳ ಲಟ್ಟಿಸುವುದನ್ನು ಅವರಿಗೆ ಯಾರೂ ಹೊಸದಾಗಿ ಕಲಿಸಲಿಲ್ಲ. ಸಂಸ್ಥೆ ಮಾಡಿದ್ದು ಬೇರೆ: ಹಿಟ್ಟನ್ನು ತಾನೇ ನಾದಿಸಿ ಕೊಟ್ಟಿತು, ಸದಸ್ಯೆಯರು ಮನೆಯಲ್ಲಿ ಲಟ್ಟಿಸಿ ತಂದುದನ್ನು ತೂಗಿ ಮಜೂರಿ ಕೊಟ್ಟಿತು, ಮಾರಾಟದ ಭಾರವನ್ನು ತಾನು ಹೊತ್ತಿತು. ಮಾರುಕಟ್ಟೆಯ ಹೊಳೆಗೆ ಹೀಗೆ ಸೇತುವೆಯಾಯಿತು.

ಗಿರಣಿಗಳ ನಾಡಾದ ಗಿರಣಗಾಂವದಲ್ಲಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರ ಪಾಡು ಬೇರೊಂದು ತೆರ. ಕಿರಾಣಿಯವನ ಬಾಕಿಯೂ ಸಾಹುಕಾರನ ಬಡ್ಡಿಯೂ ಅವರ ದುಡಿಮೆಯನ್ನು ನುಂಗುತ್ತಿದ್ದುವು. 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಲವನ್ನು ಸ್ಥಾಪಿಸಿ, ಅಂಥ ಸ್ತ್ರೀಯರನ್ನು ಗುಂಪುಗೂಡಿಸಿ, ಪರಸ್ಪರರ ಜಾಮೀನಿನ ಮೇಲೆ ರಾಷ್ಟ್ರೀಕೃತ ಬ್ಯಾಂಕುಗಳಿಂದ ಸಾಲ ಕೊಡಿಸಿದರು. ಹೊಲಿಗೆಯಂತ್ರಕ್ಕೆ ಸಾಲ ಕೇಳಿದರೆ ಸಿಗುವುದು ಅಷ್ಟು ಕಷ್ಟವಲ್ಲ. ಯಂತ್ರವು ಕಣ್ಣಿಗೆ ಕಾಣುತ್ತದೆ. ಆದರೆ ಬಟ್ಟೆ, ದಾರ, ಹಿಟ್ಟು, ಅನಿಲಗಳಿಗೂ, ಗಿರಾಕಿಯು ಹಣ ಕೊಡುವವರೆಗೆ ಕಾಯುವ ದಿನಗಳಿಗೂ ಬೇಕಾದ ಚಾಲ್ತಿ ಬಂಡವಾಳವು ಕಾಣುವಂಥದಲ್ಲ. ಚಿಕ್ಕ ಉದ್ಯೋಗಗಳು ಮುಗ್ಗರಿಸುವುದು ಬಹುಮಟ್ಟಿಗೆ ಇಲ್ಲಿಯೇ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50,000 ರೂಪಾಯಿಗಳವರೆಗೆ ಅಡವಿಲ್ಲದೆ ದೊರೆಯುವ ಸಾಲವನ್ನು ಯಂತ್ರಕ್ಕೇ ಪೂರಾ ಸುರಿಯದೆ, ಒಂದು ಪಾಲನ್ನು ಚಾಲ್ತಿ ವೆಚ್ಚಕ್ಕೆ ಉಳಿಸಿಕೊಳ್ಳುವುದು ಜಾಣತನ.

ಮೂರನೆಯ ನಿದರ್ಶನ ಕನ್ನಡ ನಾಡಿನದು. 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ, ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಊಟ ವಸತಿಗಳೊಡನೆ ಉಚಿತವಾದ ಅಲ್ಪಾವಧಿಯ ಶಿಕ್ಷಣ, ಅದು ಮುಗಿದ ಮೇಲೆಯೂ ಅಭ್ಯರ್ಥಿಯ ಬೆನ್ನು ಬಿಡದ ವಿಚಾರಣೆ, ಬ್ಯಾಂಕಿನೊಡನೆ ಸಂಪರ್ಕ—ಇವು ಅದರ ವೈಶಿಷ್ಟ್ಯ. ಈ ಮಾದರಿಯನ್ನೇ ಅನುಸರಿಸಿ 2009ರಿಂದ ಕೇಂದ್ರ ಸರಕಾರವು ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಬ್ಯಾಂಕುಗಳ ಮೂಲಕ ತೆರೆಯಿಸತೊಡಗಿತು. ಆದರೆ ಹೆಸರೇ ಹೇಳುವಂತೆ ಅದು ಗ್ರಾಮೀಣರಿಗಾಗಿ ಇರುವಂಥದು. ಮುರಬಾಡ, ಶಹಾಪುರಗಳ ಹಳ್ಳಿಯ ಹೆಣ್ಣುಮಗಳಿಗೆ ಅದು ಒದಗುವಂತೆ ಡೊಂಬಿವಲಿಯ ಚಾಳಿನ ಗೃಹಿಣಿಗೆ ಒದಗದು.

ನಗರದಲ್ಲಿ ಸಾಮಾನ್ಯವಾಗಿ ತೆರೆಯುವ ವರ್ಗಗಳು ಹೊಲಿಗೆ ಮತ್ತು ಸೌಂದರ್ಯಪ್ರಸಾಧನದವು. ಒಂದೇ ಓಣಿಯಲ್ಲಿ ಇಪ್ಪತ್ತು ಮಂದಿ ಅದೇ ಹೊಲಿಗೆಯನ್ನು ಕಲಿತರೆ ಕುಪ್ಪಸದ ಮಜೂರಿ ಇಳಿಯದೆ ಮತ್ತೇನಾದೀತು? ಇದಕ್ಕೆ ಪ್ರತಿಯಾಗಿ ಠಾಣೆ, ಡೊಂಬಿವಲಿಗಳ ‘ಪೋಳಿ-ಭಾಜಿ ಕೇಂದ್ರ’ಗಳನ್ನೂ ‘ಪಾಳಣಾಘರ’ಗಳನ್ನೂ ನೋಡಬೇಕು. ಸಂಜೆ ರೈಲಿಳಿದು ಬರುವ ನೌಕರಿಯ ಹೆಂಗಸಿಗೆ ಅಡುಗೆ ಮಾಡಲು ಪುರಸತ್ತಿಲ್ಲ, ಕೂಸನ್ನು ನೋಡಲು ಜನವಿಲ್ಲ. ಒಬ್ಬಳ ಕೊರತೆಯೇ ಇನ್ನೊಬ್ಬಳ ಉದ್ಯೋಗವಾಯಿತು. ಕಸುಬನ್ನು ಆರಿಸುವಾಗ ಹೀಗೆ ಊರಿನ ಅಗತ್ಯವನ್ನು ಮೊದಲು ಅರಿಯಬೇಕು. ಔದ್ಯೋಗಿಕ ತರಬೇತಿ ಸಂಸ್ಥೆಗಳ ವಿದ್ಯುತ್ ಕೆಲಸ, ಶೀತಲೀಕರಣದಂಥ ವಿಷಯಗಳು ಗಂಡಸರಿಗೇ ಮೀಸಲೆಂಬ ಭಾವನೆಯೂ ತೊಲಗಬೇಕು. 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಕಾರ್ಖಾನೆಯಲ್ಲಿ ಕಲಿಯುವಾಗಲೇ ವಿದ್ಯಾರ್ಥಿವೇತನ ದೊರೆಯುವುದೆಂಬ ಸಂಗತಿ ಎಷ್ಟೋ ಮನೆಗಳಿಗೆ ತಿಳಿಯದು.

ಕೊನೆಯದು ಸಮಯದ ಹೊಳೆ. ಡೊಂಬಿವಲಿಯಿಂದ ಮುಂಬಯಿಯ ಕೋಟೆಗೆ ಹೋಗಿಬರಲು ದಿನಕ್ಕೆ ಎರಡು ತಾಸುಗಳಿಗೂ ಮಿಕ್ಕಿ ರೈಲಿನಲ್ಲಿ ಕಳೆಯುವ ತಾಯಿಗೆ ಸಂಬಳದ ಒಂದಂಶ ಹಾದಿಯಲ್ಲಿಯೇ ಸವೆಯುತ್ತದೆ. 2004ರಲ್ಲಿ ಠಾಣೆ–ವಾಶಿ ರೈಲುಮಾರ್ಗವಾದ ಮೇಲೆ ಐರೋಲಿ, ಮಹಾಪೆಗಳ ಕಚೇರಿಗಳು ಹತ್ತಿರವಾದುವು. 2025ರಲ್ಲಿ ಉದ್ಘಾಟನೆಗೊಂಡ ನವಿಮುಂಬಯಿ ವಿಮಾನನಿಲ್ದಾಣವೂ ಹೊಸ ಕೆಲಸಗಳಿಗೆ ಎಡೆಗೊಡುವಂಥದು. ಮನೆಗೆ ಸಮೀಪದ ಉದ್ಯೋಗವನ್ನು ಕಣ್ಣಮುಂದಿಟ್ಟು ಶಿಕ್ಷಣವನ್ನು ಯೋಜಿಸಿದರೆ ಅದು ಉಳಿಯುತ್ತದೆ.

ಇಲ್ಲಿ ಕನ್ನಡ ಸಂಘಗಳ ಹೊಣೆ ಚಿಕ್ಕದಲ್ಲ. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೂಲಿಗಾಗಿ ಬಂದ ಹೆಣ್ಣುಮಗಳಿಗೆ ಮರಾಠಿ, ಇಂಗ್ಲಿಷ್ ಅರ್ಜಿಗಳೇ ಮೊದಲ ಗೋಡೆ. ಅದನ್ನು ತುಂಬಿಕೊಡಲು ವಾರಕ್ಕೊಂದು ಸಂಜೆ, ಬ್ಯಾಂಕಿಗೆ ಜೊತೆಗೆ ಹೋಗಲು ಒಬ್ಬ ಸದಸ್ಯ, ವರ್ಗದ ಪಕ್ಕದಲ್ಲಿ ಕೂಸುಗಳಿಗೊಂದು ಕೋಣೆ—ಇಷ್ಟಕ್ಕೆ ಭಾರಿ ನಿಧಿ ಬೇಡ. ವಾರ್ಷಿಕ ವರದಿಯಲ್ಲಿ ಎಷ್ಟು ಮಂದಿ ಕಲಿತರೆಂದು ಬರೆಯುವ ವಾಡಿಕೆಯುಂಟು. ಕಲಿತವರಲ್ಲಿ ಎಷ್ಟು ಮಂದಿ ಒಂದು ವರ್ಷದ ಮೇಲೆಯೂ ದುಡಿಯುತ್ತಿದ್ದಾರೆ ಎಂಬ ಇನ್ನೊಂದು ಅಂಕಿಯನ್ನು ಅದರ ಕೆಳಗೆ ಸೇರಿಸಿದರೆ, ಪ್ರಮಾಣಪತ್ರಗಳು ಪೆಟ್ಟಿಗೆಯ ತಳದಲ್ಲಿ ಉಳಿದುವೊ, ಅನ್ನವಾದುವೊ ಎಂಬುದು ಸ್ಪಷ್ಟವಾದೀತು.