ಕೆಟ್ಟ ಲೈನಿಗೆ ‘ಎಂಗೇಜ್’ ಏಕೆ?



ತುರ್ತಾಗಿ ಒಂದು ಆಸ್ಪತ್ರೆಗೆ ದೂರವಾಣಿ ಮಾಡಿದ್ದೀರಿ ಎಂದುಕೊಳ್ಳಿ. ‘ಟ್ರಿಂಗ್ ಟ್ರಿಂಗ್’ ಸದ್ದು ಕೇಳುತ್ತಲೇ ಇದೆ, ಯಾರೂ ಎತ್ತುತ್ತಿಲ್ಲ. ಅಲ್ಲಿ ಯಾರೂ ಇಲ್ಲವೆಂದು ನೀವು ರಿಸೀವರ್ ಇಡುತ್ತೀರಿ. ಆದರೆ ಅಲ್ಲಿ ಸಿಬ್ಬಂದಿ ಇದ್ದಾರೆ, ಫೋನಿನ ಪಕ್ಕದಲ್ಲೇ ಕುಳಿತಿದ್ದಾರೆ. ಅವರ ಫೋನು ಬಾರಿಸಿಯೇ ಇಲ್ಲ! ಇದು ಹೇಗೆ ಸಾಧ್ಯ?

ಉತ್ತರ ತಿಳಿಯಲು ಸ್ಥಿರ ದೂರವಾಣಿಯ ತಾಮ್ರದ ತಂತಿಗಳನ್ನು ನೋಡೋಣ. ಎಕ್ಸ್‌ಚೇಂಜಿನಿಂದ ಗ್ರಾಹಕರ ಫೋನಿಗೆ ಎರಡು ತಂತಿಗಳು ಬರುತ್ತವೆ. ಅವುಗಳ ನಡುವೆ ಎಕ್ಸ್‌ಚೇಂಜಿನ ಬ್ಯಾಟರಿಯ ಸುಮಾರು 48 ವೋಲ್ಟ್ ಇರುತ್ತದೆ. ರಿಸೀವರ್ ಕೆಳಗಿದ್ದಾಗ ಫೋನಿನೊಳಗಿನ ಸ್ವಿಚ್ಚು ತೆರೆದಿರುವುದರಿಂದ ಈ ವಿದ್ಯುತ್ತು ಹರಿಯುವುದಿಲ್ಲ. ರಿಸೀವರ್ ಎತ್ತಿದೊಡನೆ ಮಂಡಲ ಪೂರ್ಣಗೊಂಡು ವಿದ್ಯುತ್ತು ಹರಿಯುತ್ತದೆ. ಎಕ್ಸ್‌ಚೇಂಜಿಗೆ ಗೊತ್ತಾಗುವ ಗುರುತು ಇದೊಂದೇ: ಹರಿದರೆ ‘ಎಂಗೇಜ್’, ಹರಿಯದಿದ್ದರೆ ‘ಬಿಡುವು’.

ನೀವು ಕರೆ ಮಾಡಿದಾಗ ಲೈನು ಬಿಡುವಾಗಿದೆ ಎಂದು ಕಂಡರೆ, ಎಕ್ಸ್‌ಚೇಂಜು ಎರಡು ಕೆಲಸ ಮಾಡುತ್ತದೆ. ಆ ಕಡೆಯ ಗಂಟೆ ಬಾರಿಸಲು ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಕಳುಹಿಸುತ್ತದೆ. ನಿಮ್ಮ ಕಿವಿಗೆ ‘ಟ್ರಿಂಗ್ ಟ್ರಿಂಗ್’ ಎಂಬ ಸದ್ದನ್ನು ಕೇಳಿಸುತ್ತದೆ. ಗಮನಿಸಿ, ಈ ಸದ್ದು ಆ ಕಡೆಯ ಗಂಟೆಯದಲ್ಲ, ಎಕ್ಸ್‌ಚೇಂಜೇ ಹುಟ್ಟಿಸಿದ್ದು. ರಸ್ತೆ ಅಗೆಯುವಾಗ ತಂತಿ ತುಂಡಾಗಿದ್ದರೂ ವಿದ್ಯುತ್ತು ಹರಿಯುವುದಿಲ್ಲವಷ್ಟೆ. ಆದ್ದರಿಂದ ತುಂಡಾದ ಲೈನೂ ಎಕ್ಸ್‌ಚೇಂಜಿನ ಕಣ್ಣಿಗೆ ಬಿಡುವಾದ ಲೈನೇ. ಕರೆ ಮಾಡಿದವರಿಗೆ ಸದ್ದು ಕೇಳುತ್ತದೆ. ಆ ಕಡೆ ಮೌನ.

ಮನೆಯ ಫೋನಾದರೆ ತೊಂದರೆ ಒಂದು ಲೈನಿಗೆ ಮುಗಿಯುತ್ತದೆ. ಆಸ್ಪತ್ರೆ, ಅಂಗಡಿ, ಕಚೇರಿಗಳ ವಿಷಯ ಹಾಗಲ್ಲ. ಅಲ್ಲಿ ಒಂದೇ ಸಂಖ್ಯೆಯ ಹಿಂದೆ ಹಲವು ಲೈನುಗಳಿರುತ್ತವೆ. ಮೊದಲನೆಯದು ಎಂಗೇಜ್ ಆಗಿದ್ದರೆ ಕರೆ ಎರಡನೆಯದಕ್ಕೆ, ಅದೂ ಎಂಗೇಜ್ ಆದರೆ ಮೂರನೆಯದಕ್ಕೆ ಹೋಗುತ್ತದೆ. ಬಿಡುವಿನ ಲೈನನ್ನು ಹುಡುಕುವ ಈ ವ್ಯವಸ್ಥೆಗೆ ‘ಹಂಟಿಂಗ್’ ಎಂದು ಹೆಸರು. ಈಗ ಮೊದಲನೆಯ ಲೈನೇ ತುಂಡಾಯಿತು ಎನ್ನಿ. ಅದು ಸದಾ ಬಿಡುವಾಗಿಯೇ ಕಾಣುವುದರಿಂದ ಪ್ರತಿಯೊಂದು ಕರೆಯೂ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಉಳಿದೆರಡು ಲೈನುಗಳು ಸರಿಯಾಗಿದ್ದರೂ ಅವುಗಳಿಗೆ ಕರೆ ಬರುವುದೇ ಇಲ್ಲ. ಒಂದು ಬಾಗಿಲು ಕೆಟ್ಟರೆ ಮೂರೂ ಬಾಗಿಲು ಮುಚ್ಚಿದಂತಾಯಿತು.

ಆದುದರಿಂದಲೇ ಅನುಭವಿ ಲೈನ್‌ಮನ್ ದುರಸ್ತಿಗೆ ಕೈಹಾಕುವ ಮೊದಲು ಕೆಟ್ಟ ಲೈನನ್ನು ಎಂಗೇಜ್ ಮಾಡಿಸುತ್ತಾನೆ. ಕೂಡಲೇ ಕರೆಗಳು ಅದನ್ನು ದಾಟಿ ಎರಡನೆಯ ಲೈನಿಗೆ ಹೋಗುತ್ತವೆ. ಇದನ್ನು ಮಾಡುವ ವಿಧಾನ ದೋಷ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ತಂತಿ ಸರಿಯಿದ್ದು ಗಂಟೆ ಮಾತ್ರ ಕೆಟ್ಟಿದ್ದರೆ ರಿಸೀವರ್ ತೆಗೆದಿಟ್ಟರೆ ಸಾಕು. ಸ್ವಲ್ಪ ಹೊತ್ತಿಗೆ ಡಯಲ್ ಟೋನ್ ನಿಂತುಹೋದರೂ, ಹೊರಗಿನಿಂದ ಬರುವ ಕರೆಗಳಿಗೆ ಲೈನು ಸಾಮಾನ್ಯವಾಗಿ ಎಂಗೇಜ್ ಆಗಿಯೇ ಇರುತ್ತದೆ. ಆದರೆ ಬೀದಿಯ ಕೇಬಲ್ ತುಂಡಾಗಿದ್ದರೆ ರಿಸೀವರ್ ಎತ್ತಿ ಪ್ರಯೋಜನವಿಲ್ಲ. ವಿದ್ಯುತ್ತು ಆ ತುಂಡನ್ನು ದಾಟಲಾರದು. ಆಗ ತುಂಡಾದ ಜಾಗಕ್ಕಿಂತ ಹಿಂದೆ, ಅಂದರೆ ಎಕ್ಸ್‌ಚೇಂಜಿನಲ್ಲೇ, ಸಿಬ್ಬಂದಿ ಲೈನನ್ನು ಎಂಗೇಜ್ ಎಂದು ಗುರುತು ಮಾಡಬೇಕು.

ಇದರಿಂದ ಇನ್ನೊಂದು ಲಾಭವೂ ಉಂಟು. ಎಂಗೇಜ್ ಆದ ಲೈನಿಗೆ ಗಂಟೆಯ ವಿದ್ಯುತ್ತು ಬರುವುದಿಲ್ಲ. ಬರಿಗೈಯಲ್ಲಿ ತಂತಿ ಹಿಡಿದವನಿಗೆ 75 ವೋಲ್ಟು ಚುರುಕ್ಕೆನ್ನಿಸುವುದು ತಪ್ಪುತ್ತದೆ. ಅಳತೆಯ ನಡುವೆ ಮೀಟರಿನ ಮುಳ್ಳು ಎಗರುವುದೂ ತಪ್ಪುತ್ತದೆ.

ಎಂಗೇಜ್ ಎಂಬುದು ಸುಳ್ಳಲ್ಲವೇ ಎಂದು ನೀವು ಕೇಳಬಹುದು. ಪ್ರಶ್ನೆ ಹಳೆಯದೇ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ಉದ್ಯಮ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್, ಆಪರೇಟರುಗಳು ತನ್ನ ಗಿರಾಕಿಗಳನ್ನು ಬೇರೆಯವರಿಗೆ ತಿರುಗಿಸುತ್ತಿದ್ದಾರೆಂದು ಸಂಶಯಪಟ್ಟನೆಂಬ ಕತೆ ಪ್ರಸಿದ್ಧ. ಆಪರೇಟರೇ ಬೇಡವಾದ ಸ್ವಯಂಚಾಲಿತ ಸ್ವಿಚ್ಚಿಗೆ ಅವನು 1891ರಲ್ಲಿ ಪೇಟೆಂಟ್ ಪಡೆದನು. 1892ರಲ್ಲಿ ಇಂಡಿಯಾನಾದ ಲಾ ಪೋರ್ಟ್ ಊರಿನಲ್ಲಿ ಅಂಥ ಮೊದಲ ಎಕ್ಸ್‌ಚೇಂಜು ತೆರೆಯಿತು. ಸ್ಟ್ರೌಜರ್ ದೂರಿದ್ದು ಗಿರಾಕಿಯನ್ನು ದಾರಿ ತಪ್ಪಿಸುವುದನ್ನು. ಲೈನ್‌ಮನ್ ಮಾಡುವುದು ಗಿರಾಕಿಯನ್ನು ಸರಿದಾರಿಗೆ ಹಚ್ಚುವ ಕೆಲಸ. ಎಂಗೇಜ್ ಸದ್ದು ಕೇಳಿದವರು ಮತ್ತೆ ಪ್ರಯತ್ನಿಸುತ್ತಾರೆ, ಇಲ್ಲವೆ ಬೇರೆ ಸಂಖ್ಯೆ ಹುಡುಕುತ್ತಾರೆ. ಸುಳ್ಳು ಗಂಟೆ ಕೇಳಿದವರು ವೃಥಾ ಕಾಯುತ್ತಾರೆ.

ಒಂದು ಎಚ್ಚರಿಕೆ. ದುರಸ್ತಿ ಮುಗಿದ ಮೇಲೆ ಎಂಗೇಜ್ ತೆಗೆಯಲು ಮರೆತರೆ ಸರಿಯಾದ ಲೈನು ಸುಮ್ಮನೆ ಬಿದ್ದಿರುತ್ತದೆ. ಉಳಿದ ಲೈನುಗಳು ಕೆಲಸ ಮಾಡುತ್ತಿರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ಎಂಗೇಜ್ ಮಾಡಿದ ಲೈನಿಗೆ ಚೀಟಿ ಕಟ್ಟಿ ಸಮಯ ಬರೆಯುವುದು, ಕೊನೆಯಲ್ಲಿ ಬೇರೊಂದು ಫೋನಿನಿಂದ ಕರೆಮಾಡಿ ನೋಡುವುದು ಒಳ್ಳೆಯ ಪದ್ಧತಿ.

ಇಂದು ಅನೇಕ ಕಚೇರಿಗಳಲ್ಲಿ ತಾಮ್ರದ ಬದಲು ಇಂಟರ್‌ನೆಟ್ ಮೂಲಕ ಮಾತು ಸಾಗುತ್ತದೆ. ಅಲ್ಲಿ ವಿದ್ಯುತ್ತಿನ ಹರಿವಿನ ಬದಲು ಸಂದೇಶಗಳಿವೆ. ಎಂಗೇಜ್ ಎಂದು ತಿಳಿಸಲು ‘ಸಿಪ್’ ಎಂಬ ನಿಯಮಾವಳಿಯಲ್ಲಿ 486 ಎಂಬ ಸಂಕೇತವಿದೆ. ಸಾಧನ ಬದಲಾಗಿದೆ, ತತ್ತ್ವ ಅದೇ: ಉತ್ತರ ಕೊಡಲಾಗದ ಲೈನು ಬಿಡುವಾಗಿದ್ದೇನೆ ಎಂದು ಹೇಳಬಾರದು.

ಈಗ ನೀವೇ ಯೋಚಿಸಿ: ಮಳೆನೀರು ಸೇರಿ ಎರಡೂ ತಂತಿಗಳು ಒಂದಕ್ಕೊಂದು ತಗುಲಿಕೊಂಡರೆ, ಕರೆಮಾಡಿದವರಿಗೆ ಯಾವ ಸದ್ದು ಕೇಳಬೇಕು? ವಿದ್ಯುತ್ತು ಹರಿಯುತ್ತದೆಯೇ ಇಲ್ಲವೇ ಎಂಬುದರಲ್ಲೇ ಉತ್ತರ ಅಡಗಿದೆ.