ಎಣ್ಣೆಯಿಲ್ಲದ ಆರತಿಗಳು



ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿರುವ ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ನಾವೆಲ್ಲರೂ ಬಾಲ್ಯದಿಂದಲೇ ಬಲ್ಲೆವು. ಬುದ್ಧಿವಂತೆಯರು ಎಚ್ಚತ್ತಿದ್ದರು, ಬುದ್ಧಿಯಿಲ್ಲದವರು ನಿದ್ದೆಹೋದರು ಎಂದು ಹುಡುಗಿಯರು ಪರೀಕ್ಷೆಯಲ್ಲಿ ಬರೆಯುವದುಂಟು. ನಾವು ಅದಕ್ಕೆ ಅಂಕಗಳನ್ನು ಕೊಡುವದೂ ಉಂಟು. ಆದರೆ ಗ್ರಂಥವನ್ನು ತೆರೆದು ನೋಡಿರಿ. ಮದಲಿಂಗನು ತಡಮಾಡಿದಾಗ ಹತ್ತು ಮಂದಿಯೂ ತೂಕಡಿಸಿ ಮಲಗಿದರು. ಹತ್ತು ಮಂದಿಯೂ ಆತನನ್ನೇ ಎದುರುನೋಡಿ ಹೊರಟವರು. ಎಲ್ಲರ ಕೈಯಲ್ಲಿಯೂ ಆರತಿಗಳಿದ್ದವು. ಭೇದವಿದ್ದದ್ದು ಎಣ್ಣೆಯ ಪಾತ್ರೆಯೊಂದರಲ್ಲಿಯೇ. ಆದುದರಿಂದ ಈ ಸಾಮ್ಯವು ಕರ್ತನನ್ನು ಅರಿಯದವರ ವಿಷಯವಾದುದಲ್ಲ. ದೇವಾಲಯದ ಒಳಗೆ ಕುಳಿತಿರುವವರ ವಿಷಯವಾದುದು.

ಬುದ್ಧಿವಂತೆಯರು ಎಣ್ಣೆಯನ್ನು ಹಂಚಿಕೊಡದೆ ಹೋದದ್ದು ಕಠಿಣವಲ್ಲವೇ ಎಂದು ಕೇಳುವವರಿದ್ದಾರೆ. ಮಹಾಲಿಂಗಪುರ, ರಬಕವಿ, ಬನಹಟ್ಟಿಗಳಲ್ಲಿ ಮಗ್ಗದ ಸಪ್ಪಳವನ್ನು ಕೇಳಿ ಬೆಳೆದವರಿಗೆ ಇದನ್ನು ವಿವರಿಸುವದು ಸುಲಭ. ನೆರೆಮನೆಯ ನೇಕಾರನು ನೂಲನ್ನು ಕಡವಾಗಿ ಕೊಟ್ಟಾನು, ಲಾಳಿಯನ್ನೂ ಕೊಟ್ಟಾನು. ಕೈಯ ಪಳಗಿಕೆಯನ್ನು ಮಾತ್ರ ಒಂದು ರಾತ್ರಿಯ ಮಟ್ಟಿಗೆ ಯಾರಿಗೂ ಕೊಡಲಾರನು. ಅದು ದಿನದಿನವೂ ಮಗ್ಗದ ಮುಂದೆ ಕುಳಿತವನಿಗೇ ಬರತಕ್ಕದ್ದು.

ಕರ್ತನ ಬರೋಣಕ್ಕೆ ಸಿದ್ಧರಾಗುವದೆಂದರೆ ಅದರ ದಿನವನ್ನು ಗುಣಿಸಿ ತಿಳಿಯುವದೆಂದು ಕೆಲವರು ಭಾವಿಸುತ್ತಾರೆ. ಈ ಭ್ರಾಂತಿಯ ಚರಿತ್ರೆಯು ನಮ್ಮ ಭಾಗದ ಸಭೆಗಳ ಮೂಲಕ್ಕೂ ತಗಲಿಕೊಂಡಿದೆ. ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯಲ್ಲಿ ಬೆಂಗೆಲ್ ಎಂಬ ದೊಡ್ಡ ವೇದಪಂಡಿತನಿದ್ದನು. 1752ರಲ್ಲಿ ತೀರಿಕೊಂಡ ಈತನು ಪ್ರಕಟನೆಯ ಗ್ರಂಥದ ಸಂಖ್ಯೆಗಳನ್ನು ಕೂಡಿಸಿ 1836ನೆಯ ಇಸವಿಯನ್ನು ಸಹಸ್ರವರ್ಷದ ಆರಂಭವೆಂದು ನಿರ್ಣಯಿಸಿದ್ದನು. ಆ ವರ್ಷವು ಸುಮ್ಮನೆ ಕಳೆದರೆ ತನ್ನ ಲೆಕ್ಕದಲ್ಲಿ ದೊಡ್ಡ ತಪ್ಪಿದೆಯೆಂದು ತಿಳಿಯಬೇಕೆಂದೂ ಆತನೇ ಹೇಳಿಟ್ಟಿದ್ದನು. ಆ ಪ್ರಾಮಾಣಿಕತೆಗಾಗಿ ಆತನನ್ನು ಮೆಚ್ಚಬೇಕು. ವರ್ಷವು ಸುಮ್ಮನೆಯೇ ಕಳೆಯಿತು. ಬೆಂಗೆಲನ ಬೋಧನೆಯಿಂದ ಪೋಷಿತವಾದ ಅದೇ ಸೀಮೆಯಿಂದ ಬಾಸೆಲ್ ಮಿಶನ್ನಿನ ಅನೇಕ ಬೋಧಕರು ಕನ್ನಡ ನಾಡಿಗೆ ಬಂದರು. ಮಂಗಳೂರಿನಲ್ಲಿ 1834ರಲ್ಲಿಯೂ ಧಾರವಾಡದಲ್ಲಿ 1837ರಲ್ಲಿಯೂ ಹುಬ್ಬಳ್ಳಿಯಲ್ಲಿ 1839ರಲ್ಲಿಯೂ ಕೆಲಸವು ಆರಂಭವಾಯಿತು.

ಹುಬ್ಬಳ್ಳಿಯ ಸುತ್ತಲಿನ ಹಳ್ಳಿಗಳಲ್ಲಿ ಆಗ ಕಾಲಜ್ಞಾನದ ವಚನಗಳನ್ನು ನಂಬಿದ ಜನರಿದ್ದರು. ಕೆಟ್ಟ ಕಾಲವು ತೀರಿ ಹೊಸ ಕಾಲವು ಬರುವದೆಂದು ಅವರೂ ಕಾಯುತ್ತಿದ್ದರು. ಈ ಪರದೇಶದ ಬೋಧಕರೇ ತಮ್ಮ ಗ್ರಂಥಗಳಲ್ಲಿ ಹೇಳಿದವರಾಗಿರಬಹುದೆಂದು ಅವರ ಮುಖಂಡರು ಮಿಶನರಿಗಳನ್ನು ಕಾಣಲು ಬಂದರು. ಜನರು ಗುಂಪುಗುಂಪಾಗಿ ಸಭೆಗೆ ಸೇರುವರೆಂದು ಮಿಶನರಿಗಳು ಹಿಗ್ಗಿದರು. ಗದುಗಿನ ಬಳಿಯ ಮಲಸಮುದ್ರದಲ್ಲಿ ಒಕ್ಕಲುತನದ ಒಂದು ವಸಾಹತನ್ನೂ ಏರ್ಪಡಿಸಿದರು. ಆದರೆ ನಿರೀಕ್ಷಿಸಿದ ಗುಂಪುಗಳು ಬರಲಿಲ್ಲ. ನನ್ನ ಮಟ್ಟಿಗೆ ತೋರುವದೇನೆಂದರೆ, ಕಾದುಕೊಂಡಿದ್ದ ಎರಡು ಪಕ್ಷಗಳು ಅಲ್ಲಿ ಸಂಧಿಸಿದವು. ಒಬ್ಬರು ಮತ್ತೊಬ್ಬರಲ್ಲಿ ತಮ್ಮ ನಿರೀಕ್ಷೆಯ ಗುರುತನ್ನು ಹುಡುಕಿದರು. ಅವರನ್ನು ಕಂಡು ನಗುವ ಅಧಿಕಾರ ನಮಗಿಲ್ಲ. ಅವರು ಕಾದರಾದರೂ ಕಾದರು.

ನಮ್ಮ ರೋಗವು ಬೇರೆ. ಬೆಟಗೇರಿಯಲ್ಲಿ 1841ರಿಂದ, ಗುಳೇದಗುಡ್ಡದಲ್ಲಿ 1851ರಿಂದ ಮಿಶನ್ನಿನ ಕೆಲಸವು ನಡೆದ ನಾಡು ಇದು. ಆ ಕಾಲದಲ್ಲಿ ದೀಕ್ಷಾಸ್ನಾನ ಹೊಂದಿದವರು ಅನೇಕ ವೇಳೆ ಮನೆ, ಬಂಧುಬಳಗ, ಕಸಬುಗಳನ್ನು ಬಿಟ್ಟು ಬಂದರು. ಅವರ ಮರಿಮಕ್ಕಳಾದ ನಮಗೆ ವಿಶ್ವಾಸವು ಅಟ್ಟದ ಮೇಲಿನ ತಾಮ್ರದ ಹಂಡೆಯಂತೆ ಪಿತ್ರಾರ್ಜಿತವಾಗಿ ಬಂದಿದೆ. ಅಜ್ಜಿಯ ಸತ್ಯವೇದವು ಮನೆಯಲ್ಲಿದೆ. ಹೆಸರು ಸಭೆಯ ಪಟ್ಟಿಯಲ್ಲಿದೆ. ಮಗಳು ಮಿಶನ್ ಶಾಲೆಯಲ್ಲಿ ಓದುತ್ತಾಳೆ. ತನಗೆ ಯಾವ ಕೊರತೆಯೂ ಇಲ್ಲವೆಂದುಕೊಂಡ ಲವೊದಿಕೀಯದ ಸಭೆಯೂ ಹೀಗೆಯೇ ಎಣಿಸಿರಬೇಕು.

ಹಾಗಾದರೆ ಸಿದ್ಧತೆ ಯಾವದು? ಥೆಸಲೊನೀಕದ ಸಭೆಯಲ್ಲಿ ಕೆಲವರು ಕೆಲಸವನ್ನು ಬಿಟ್ಟು ಅಡ್ಡಾಡುತ್ತಿದ್ದಾಗ, ನೆಮ್ಮದಿಯಿಂದ ದುಡಿದು ತಮ್ಮ ರೊಟ್ಟಿಯನ್ನೇ ತಿನ್ನಬೇಕೆಂದು ಪೌಲನು ಅವರಿಗೆ ಬರೆದನು. ಕರ್ತನು ತಾನೇ ಇದೇ 25ನೆಯ ಅಧ್ಯಾಯದ ಕೊನೆಯಲ್ಲಿ ಉತ್ತರವನ್ನು ಕೊಟ್ಟಿದ್ದಾನೆ: ಹಸಿದವನು, ಬಾಯಾರಿದವನು, ಪರದೇಶಿ, ಬಟ್ಟೆಯಿಲ್ಲದವನು, ರೋಗಿ, ಸೆರೆಯಲ್ಲಿರುವವನು. ಅಲ್ಲಿ ಬಲಗಡೆ ನಿಂತವರೂ ಎಡಗಡೆ ನಿಂತವರೂ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ, ನಿನ್ನನ್ನು ನಾವು ಯಾವಾಗ ನೋಡಿದೆವು ಎಂದು. ಆತನು ಬಂದುಹೋದದ್ದು ಇಬ್ಬರಿಗೂ ತಿಳಿದಿರಲಿಲ್ಲ.

ಇದನ್ನು ಬರೆಯುವ ನನ್ನದೂ ಒಂದು ಮಾತಿದೆ. ಮಹಾಲಿಂಗಪುರದಲ್ಲಿ ನಾನು ಶಿಕ್ಷಕಿಯಾಗಿದ್ದಾಗ ನಮ್ಮ ಓಣಿಯಲ್ಲಿ ಕಂಡಿಕೆ ಸುತ್ತಿ ಜೀವಿಸುವ ಒಬ್ಬ ಮುದುಕಿಯಿದ್ದಳು. ಆಕೆಯ ಮಗನು ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದನು. ಒಂದು ಸಾಯಂಕಾಲ ಆಕೆಯು ಕಾಗದವೊಂದನ್ನು ಹಿಡಿದು ಬಂದು, “ಅಕ್ಕೋರ, ಇದನ್ನೀಟು ಓದಿ ಹೇಳ್ರಿ” ಎಂದಳು. ಭಾನುವಾರದ ಸ್ತ್ರೀಯರ ಕೂಟಕ್ಕಾಗಿ ನಾನು ಪ್ರಬಂಧವನ್ನು ಬರೆಯುತ್ತಿದ್ದೆನು. ಅದರ ವಿಷಯವು ಕರ್ತನ ಬರೋಣ. ತಲೆಯೆತ್ತದೆ, “ನಾಳೆ ಬಾ ಯವ್ವಾ” ಎಂದೆನು. ಮಗನು ಆಸ್ಪತ್ರೆಯಲ್ಲಿದ್ದಾನೆಂದೂ ಬೇಗನೆ ಬರಬೇಕೆಂದೂ ಆ ಕಾಗದದಲ್ಲಿತ್ತು. ಮರುದಿನ ಬೇರೆ ಯಾರೋ ಓದಿ ಹೇಳಿದರು. ಆಕೆಯು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ನಾನು ಪ್ರಬಂಧವನ್ನು ಓದಿದೆನು. ಚೆನ್ನಾಗಿತ್ತೆಂದು ಕೆಲವರು ಹೇಳಿದರು. ಮುದುಕಿಯು ಊರಿಗೆ ತಿರುಗಿ ಬಂದ ಮೇಲೆ ನನ್ನೊಡನೆ ಎಂದಿನಂತೆಯೇ ಮಾತಾಡುತ್ತಿದ್ದಳು. ಕಾಗದವನ್ನು ಮಾತ್ರ ನನ್ನ ಬಳಿಗೆ ಮತ್ತೆ ತರಲಿಲ್ಲ.